ಎದೆಯಲ್ಲಿ ಐಸಿಡಿ, ತೋಟದಲ್ಲಿ ಬೋರು: ಸುಳ್ಳು ಶಾಕ್ ನಿಲ್ಲಿಸಿದ ನನ್ನ ಅನುಭವ

ಎರಡು ಬೇಸಿಗೆ, ಎರಡು ಮಳೆಗಾಲ ಕಳೆದವು. ನನ್ನ ಪಟ್ಟಿಯಲ್ಲಿರುವ ತೋಟದ ಮನೆಯ ಐಸಿಡಿ ಪೇಷಂಟ್‌ಗಳಲ್ಲಿ ಒಬ್ಬರಿಗೂ ಕರೆಂಟಿನ ದೆಸೆಯಿಂದ ಸುಳ್ಳು ಶಾಕ್ ಬಿದ್ದಿಲ್ಲ. ಐಸಿಡಿ ಅಂದರೆ ಎದೆಯಲ್ಲಿ ಕೂರಿಸುವ ಪುಟ್ಟ ಮಷೀನು. ಹೃದಯ ಜೀವಕ್ಕೆ ಅಪಾಯ ಆಗುವಷ್ಟು ಜೋರಾಗಿ ಬಡಿದರೆ ಶಾಕ್ ಕೊಟ್ಟು ಸರಿ ಮಾಡುತ್ತದೆ. ಹಾಗೇನೂ ಆಗದಿದ್ದಾಗ ಬೀಳುವುದೇ ಸುಳ್ಳು ಶಾಕ್. ಪಟ್ಟಿ ದೊಡ್ಡದೇನಲ್ಲ, 23 ಮಂದಿ. ಗೋಕಾಕ, ಮುಧೋಳ, ಜಮಖಂಡಿ, ಅಥಣಿ, ಇಂಡಿ ಕಡೆಯವರು. ಇದೇ 23 ಮಂದಿಯಲ್ಲಿ ಮೊದಲ ಮೂರು ವರ್ಷದಲ್ಲಿ 7 ಜನರಿಗೆ ಸೇರಿ 30ಕ್ಕೂ ಜಾಸ್ತಿ ಸುಳ್ಳು ಶಾಕ್ ಬಿದ್ದಿದ್ದವು. "ಇದು ಡಾಕ್ಟರ್ ಕೆಲಸ ಅಲ್ಲ, ಲೈನ್‌ಮನ್ ಕೆಲಸ" ಅಂತ ಹೇಳಿದವರು ಬಹಳ. ಅವರಲ್ಲೇ ಇಬ್ಬರು ಈಗ ಫೋನ್ ಮಾಡಿ, ಹೇಗೆ ಮಾಡಿದಿರಿ ಅಂತ ಕೇಳಿದ್ದಾರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಬೆಳಗಾವಿಯಲ್ಲಿ ಹೃದಯ ಬಡಿತದ ತೊಂದರೆಗಳ ಮೇಲೆ ಕೆಲಸ ಮಾಡುವವನು. ಐಸಿಡಿ ಯಾರಿಗೆ ಹಾಕುತ್ತೇವೆ ಅನ್ನೋದು ಬೇರೆ ಮಾತು. ಅದನ್ನು ಬಿಡುತ್ತೇನೆ.

ಶುರುವಾಗಿದ್ದು ಮುಧೋಳ ಕಡೆಯ ಒಬ್ಬ ಕಬ್ಬಿನ ರೈತನಿಂದ. ನಮ್ಮ ಟೀಮಿನವರೆಲ್ಲ ಅವರನ್ನು ಕಾಕಾ ಅಂತಲೇ ಕರೆಯುವುದು. ಹಳೆಯ ಹಾರ್ಟ್ ಅಟ್ಯಾಕ್, ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 28ರ ಆಸುಪಾಸು. ಐಸಿಡಿ ಹಾಕಿ ಎಂಟು ತಿಂಗಳಾಗಿತ್ತು. ಒಂದು ದಿನ ಮಧ್ಯಾಹ್ನ ಮಗನ ಬೈಕಿನ ಹಿಂದೆ ಕೂತು ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬೆಳಗಾವಿಗೆ ಬಂದರು. ಮುಖ ಸುಣ್ಣ ಬಳಿದ ಹಾಗಿತ್ತು.

"ಸಾಹೇಬ್ರ, ಎತ್ತು ಎದಿಗೆ ಹಾಯ್ದಂಗ ಆತ್ರಿ. ಒಂದ್ ಸಲ ಅಲ್ರಿ, ನಾಕ್ ಸಲ."

ಮಷೀನು ಓದಿಸಿದೆ. ವಿಎಫ್ ವಲಯದಲ್ಲಿ ನಾಲ್ಕು ಶಾಕ್. ವಿಎಫ್ ಅಂದರೆ ಹೃದಯ ಸರಿಯಾಗಿ ಬಡಿಯದೆ ಬರೀ ಅದುರುವುದು. ಬಡಿತದಿಂದ ಬಡಿತಕ್ಕೆ 140 ಮಿಲಿಸೆಕೆಂಡ್. ಹೃದಯ ಹಾಗೆ ಬಡಿಯುವುದಿಲ್ಲ, ಅದು ನಾಯ್ಸ್, ಅಂದರೆ ಹೃದಯದ್ದಲ್ಲದ ವಿದ್ಯುತ್ ಗದ್ದಲ ಅನ್ನೋದು ಸ್ಪಷ್ಟ ಇತ್ತು. ನಾಯ್ಸ್ ಅಂದ ಕೂಡಲೇ ನಮಗೆಲ್ಲ ತಲೆಗೆ ಬರುವುದು ಲೀಡ್, ಅಂದರೆ ಮಷೀನಿನಿಂದ ಹೃದಯಕ್ಕೆ ಹೋಗುವ ತಂತಿ, ಮುರಿದಿದೆ ಅಂತ. ನನಗೂ ಹಾಗೇ ಬಂತು. ಕಂಪನಿಯ ಎಂಜಿನಿಯರೂ ಹೌದು ಅಂದರು. ಲೀಡಿನ ವಿದ್ಯುತ್ ತಡೆ (ಇಂಪೀಡನ್ಸ್) ಸರಿಯಾಗೇ ಇತ್ತು. ಆದರೂ "ಶುರುವಿನಲ್ಲಿ ಹಾಗೇ ಇರುತ್ತದೆ" ಅಂತ ನಮಗೆ ನಾವೇ ಹೇಳಿಕೊಂಡೆವು. ಹೊಸ ಲೀಡ್ ಹಾಕಿದೆವು. ಎಲ್ಲ ಸೇರಿ 1 ಲಕ್ಷ 10 ಸಾವಿರದ ಹತ್ತಿರ ಆಯಿತು. ಕಾಕಾ ಒಂದು ಜೋಡಿ ಎತ್ತು ಮಾರಿದರು.

ಏಳು ವಾರಕ್ಕೆ ಮತ್ತೆ ಶಾಕ್. ಈ ಸಲ ಮೂರು.

"ಇದನ್ನ ತಗದ ಒಗೀರಿ ಸಾಹೇಬ್ರ. ಸಾಯೂದಿದ್ರ ಒಮ್ಮೆ ಸಾಯ್ತೇನಿ. ಹಿಂಗ ದಿನಾ ಯಾಕ ಸಾಯ್ಲಿ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲ ಸಲದ ಸ್ಟ್ರಿಪ್‌ಗಳನ್ನು, ಅಂದರೆ ಮಷೀನು ದಾಖಲಿಸಿದ ಗೆರೆಗಳ ಕಾಗದಗಳನ್ನು, ಮನೆಗೆ ತಂದು ಊಟದ ಮೇಜಿನ ಮೇಲೆ ಹರವಿದೆ. ಆಗ ಕಂಡಿತು. ನಾನು ನೋಡಿದ್ದು ಲೀಡಿನ ತುದಿಯ ಚಾನೆಲ್, ಅಂದರೆ ಮೇಲಿನ ಸಾಲಿನ ಗೆರೆ ಮಾತ್ರ. ಅದರ ಕೆಳಗೆ ಶಾಕ್ ಕಾಯಿಲಿನ, ಅಂದರೆ ಶಾಕ್ ಕೊಡುವ ಸುರುಳಿಯ ಚಾನೆಲ್‌ನಲ್ಲೂ ಅದೇ ನಾಯ್ಸ್ ಇತ್ತು. ಅಲ್ಲಿ ಇನ್ನೂ ದಪ್ಪವಾಗಿತ್ತು. ಲೀಡ್ ಮುರಿದರೆ ಸಾಮಾನ್ಯವಾಗಿ ತುದಿಯ ಚಾನೆಲ್ ಕೆಡುತ್ತದೆ, ಕಾಯಿಲಿನದು ಶುದ್ಧ ಇರುತ್ತದೆ. ಎರಡರಲ್ಲೂ ಬಂದರೆ, ಅದರಲ್ಲೂ ಕಾಯಿಲಿನ ಚಾನೆಲ್‌ನಲ್ಲಿ ಜೋರಾಗಿ ಬಂದರೆ, ಅದು ಹೊರಗಿನಿಂದ ಬಂದದ್ದು. ಪುಸ್ತಕದಲ್ಲಿ ಇರುವ ಮಾತೇ. ನಾನೇ ಹುಡುಗರಿಗೆ ಪಾಠ ಮಾಡಿದ್ದೆ. ಕಾಕಾನ ಎತ್ತು ಹೋದದ್ದು ನಾನು ಕೆಳಗಿನ ಸಾಲು ನೋಡದೆ ಇದ್ದದ್ದಕ್ಕೆ. ಸ್ಟ್ರಿಪ್ ಹಿಗ್ಗಿಸಿ ಅಳೆದೆ. ಗೆರೆಯಿಂದ ಗೆರೆಗೆ 20 ಮಿಲಿಸೆಕೆಂಡ್. ಅಂದರೆ 50 ಹರ್ಟ್ಜ್. ನಮ್ಮ ಮನೆಗೆಲ್ಲ ಬರುವ ಕರೆಂಟು!

ಕಾಕಾನನ್ನು ಕೇಳಿದೆ. ಕರೆಂಟ್ ಹೊಡೆಯಿತಾ? "ಇಲ್ರಿ, ಜುಮ್ ಅಂತಾನೂ ಅಂದಿಲ್ರಿ." ಯಾವಾಗ ಬಿತ್ತು? "ಬೆಳಕ ಹರಿಯೂಕಿಂತ ಮೊದ್ಲರಿ." ಮಷೀನಿನಲ್ಲಿ ನೋಡಿದರೆ 6:50. ಅಷ್ಟೊತ್ತಿಗೆ ಬೆಳಕಾಗಿರುತ್ತದೆ. ಪಂಪ್‌ಸೆಟ್ ಪಾಳಿಯ ಪಟ್ಟಿ ತರಿಸಿದೆ. ರಾತ್ರಿ ಪಾಳಿ 5ಕ್ಕೇ ಮುಗಿಯುತ್ತಿತ್ತು. ಹಾಗಾದರೆ ಮೋಟಾರ್ ಅಲ್ಲ ಅಂತ ಬಿಟ್ಟುಬಿಟ್ಟೆ. ಮನೆಯ ಟಿವಿ, ಮಿಕ್ಸರ್, ನೀರು ಕಾಯಿಸುವ ರಾಡು ಅಂತ ಬೆನ್ನು ಹತ್ತಿದೆ. ನಾಲ್ಕು ತಿಂಗಳು ಹಾಳು.

ತಪ್ಪು ಎಲ್ಲಿತ್ತು ಗೊತ್ತಾ? ಐಸಿಡಿಯನ್ನು ಓದಲು, ಹೊಂದಿಸಲು ನಾವು ಬಳಸುತ್ತಿದ್ದ ಡಬ್ಬಿ, ಅಂದರೆ ಪ್ರೋಗ್ರಾಮರಿನ ಗಡಿಯಾರ ಸಿಂಗಾಪುರದ ಸಮಯದಲ್ಲಿತ್ತು. ನಮಗಿಂತ ಎರಡೂವರೆ ತಾಸು ಮುಂದೆ. ಐಸಿಡಿ ತನ್ನ ಸಮಯವನ್ನು ಆ ಡಬ್ಬಿಯಿಂದಲೇ ತೆಗೆದುಕೊಂಡಿತ್ತು. 6:50 ಅಂದರೆ ನಿಜದಲ್ಲಿ ನಸುಕಿನ 4:20. ಮೋಟಾರ್ ಪಾಳಿಯ ಹೊತ್ತೇ. ಕಾಕಾ ಹೇಳಿದ್ದು ಸರಿ ಇತ್ತು. ನಾನು ಯಂತ್ರದ ಮಾತು ನಂಬಿ ಮನುಷ್ಯನ ಮಾತು ಬಿಟ್ಟೆ. ಈಗ ಯಾವುದೇ ಪ್ರೋಗ್ರಾಮರ್ ಮುಟ್ಟುವ ಮೊದಲು ಕೈಗಡಿಯಾರ ನೋಡಿ ಸಮಯ ತಾಳೆ ಹಾಕುತ್ತೇನೆ. ನೀವೂ ಇವತ್ತೇ ನಿಮ್ಮದನ್ನು ನೋಡಿ.

ಒಂದು ರಾತ್ರಿ ತೋಟದಲ್ಲೇ ಉಳಿದೆ. ಕಾಕಾನ ಮನೆಯವರು ರೊಟ್ಟಿ, ಝುಣಕ, ಶೇಂಗಾ ಹಿಂಡಿ ಹಾಕಿ ಊಟ ಕೊಟ್ಟರು. ಐಸಿಡಿಯ ಶಾಕ್ ಬಂದ್ ಮಾಡಿ, ಹೊರಗಿನಿಂದ ಎದೆಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ವಾಲ್ವ್ ಬಿಟ್ಟು ಉಳಿದ ಕಬ್ಬಿಣ ಮುಟ್ಟಬೇಡಿ ಅಂದಿದ್ದೆ. ನಸುಕಿನಲ್ಲಿ ಕಾಕಾ ಎದ್ದು ನೀರು ಬೇರೆ ಕಡೆ ತಿರುಗಿಸಲು ಹೋದರು. ನಾನು ಟಾರ್ಚ್ ಹಿಡಿದು ಹಿಂದೆ ಹೋದೆ. ಬರಿಗಾಲು, ಮೊಣಕಾಲ ತನಕ ಕೆಸರು. ಡೆಲಿವರಿ ಪೈಪಿಗೆ ಕಬ್ಬಿಣದ ವಾಲ್ವ್. ತುಕ್ಕು ಹಿಡಿದು ಬಿಗಿಯಾಗಿತ್ತು. ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ, ತಿರುವಿದರು. ನಾನು ಎಣಿಸಿದೆ. 18 ಸೆಕೆಂಡ್.

ಮೋಟಾರಿನಿಂದ ಪೈಪಿಗೆ ಸೋರಿದ ಕರೆಂಟಿನಿಂದ ಸುಳ್ಳು ಶಾಕ್ ಬೀಳಲು ಅಷ್ಟೇ ಹೊತ್ತು ಬೇಕಾಗಿದ್ದದ್ದು. ಮಷೀನು ವಿಎಫ್ ಅಂತ ತಿಳಿಯಲು ನಾಲ್ಕೈದು ಸೆಕೆಂಡ್, ಚಾರ್ಜ್ ಆಗಲು ಎಂಟು ಹತ್ತು ಸೆಕೆಂಡ್, ಆಮೇಲೆ ಒಮ್ಮೆ ಮತ್ತೆ ನೋಡುತ್ತದೆ. ಅಷ್ಟರಲ್ಲಿ ಕೈ ಬಿಟ್ಟರೆ ಶಾಕ್ ಬರುವುದಿಲ್ಲ, ಚಾರ್ಜ್ ಮಾಡಿ ಸುಮ್ಮನಾಗುತ್ತದೆ. ವಾಲ್ವ್ ಬಿಗಿ ಇದ್ದ ದಿನ ಕೈ ಬಿಡುತ್ತಿರಲಿಲ್ಲ. ಇದು ತಿಳಿದ ಮೇಲೆ ಕಾಕಾನ ಮಷೀನಿನ ನೆನಪನ್ನು ಮತ್ತೆ ತೆಗೆದೆ. ಚಾರ್ಜ್ ಆಗಿ ಶಾಕ್ ಕೊಡದೆ ಬಿಟ್ಟ ಪ್ರಸಂಗಗಳು 14 ಇದ್ದವು. ಮೊದಲ ಶಾಕ್‌ಗಿಂತ ಎರಡು ತಿಂಗಳು ಹಿಂದಿನಿಂದ ಇದ್ದವು. ನಾವು ಶಾಕ್ ಎಣಿಸುತ್ತೇವೆ, ಇವನ್ನು ನೋಡುವುದೇ ಇಲ್ಲ, ಅಲ್ವಾ? ಸುಳ್ಳು ಶಾಕ್ ಬರುತ್ತದೆ ಅಂತ ಮಷೀನು ಮೊದಲೇ ಬರೆದಿಟ್ಟಿರುತ್ತದೆ. ಇನ್ನೊಂದು, ಒಂದೊಂದು ಪೂರ್ತಿ ಚಾರ್ಜಿಗೂ ಬ್ಯಾಟರಿಯ ಹೆಚ್ಚುಕಡಿಮೆ ಒಂದು ತಿಂಗಳ ಆಯುಷ್ಯ ಹೋಗುತ್ತದೆ.

ಇಲ್ಲಿಂದ ಮುಂದೆ ನನ್ನ ವಿದ್ಯೆ ಸಾಲಲಿಲ್ಲ. ಮೋಟಾರ್ ರಿವೈಂಡಿಂಗ್ ಮಾಡುವ ಒಬ್ಬ ಹಿರಿಯ ಮಿಸ್ತ್ರಿಯನ್ನು ಜೊತೆ ಮಾಡಿಕೊಂಡೆ. 40 ವರ್ಷ ಬೋರಿನ ಮೋಟಾರ್ ಎತ್ತಿ ಇಳಿಸಿದವರು. ನಾನು ಮಲ್ಟಿಮೀಟರ್ ಹಿಡಿದು ಪೈಪಿಗೂ ನೆಲಕ್ಕೂ ಇಟ್ಟೆ. 47 ವೋಲ್ಟ್! ಹೆದರಿ ಹಿಂದೆ ಸರಿದೆ. ಮಿಸ್ತ್ರಿ ಬರಿಗೈಯಿಂದ ಪೈಪ್ ಹಿಡಿದು ತೋರಿಸಿದರು. ಏನೂ ಆಗಲಿಲ್ಲ. ಪಕ್ಕದ ತೋಟದಲ್ಲಿ, ಮೋಟಾರೇ ಇಲ್ಲದ ಬೇಲಿಯ ತಂತಿಯಲ್ಲೂ 30 ವೋಲ್ಟ್ ತೋರಿಸಿತು. ಮೀಟರಿನ ಒಳ ತಡೆ ಬಹಳ ದೊಡ್ಡದು, ಅದು ಗಾಳಿಯಲ್ಲಿರುವ ದೆವ್ವವನ್ನೂ, ಅಂದರೆ ಬಲವಿಲ್ಲದ ಹುಸಿ ವೋಲ್ಟನ್ನೂ ಅಳೆಯುತ್ತದೆ. ಎರಡು ತಿಂಗಳ ಅಳತೆಗಳನ್ನೆಲ್ಲ ಹರಿದು ಹಾಕಬೇಕಾಯಿತು.

ದಾರಿ ತೋರಿದ್ದು ಒಂದು ರೂಪಾಯಿಯ ರೆಸಿಸ್ಟರ್. 1 ಕಿಲೋ ಓಮ್. ಒದ್ದೆ ಮೈಯ ತಡೆ ಸುಮಾರು ಅಷ್ಟೇ. ಅದನ್ನು ಮೀಟರಿನ ಎರಡು ತಂತಿಗೆ ಅಡ್ಡ ಹಾಕಿದರೆ ದೆವ್ವ ಓಡಿಹೋಗುತ್ತದೆ. ಉಳಿದ ವೋಲ್ಟು ನಿಜವಾದದ್ದು. ಒಂದು ವೋಲ್ಟ್ ಅಂದರೆ ಮೈಯಲ್ಲಿ ಒಂದು ಮಿಲಿಆಂಪ್ ಹರಿಯುತ್ತದೆ ಅಂತ ನೇರ ಲೆಕ್ಕ. ಕಾಕಾನ ವಾಲ್ವಿನಲ್ಲಿ 47 ಹೋಗಿ 0.6 ಉಳಿಯಿತು. ಕೆಸರು ಹತ್ತಿದ ಕೈಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಮಿಲಿವೋಲ್ಟಿನ ಮೂರನೇ ಒಂದು ಭಾಗ ಹುಡುಕುತ್ತ ಕೂತ ಐಸಿಡಿಗೆ ಅದು ಡೊಳ್ಳು ಬಾರಿಸಿದ ಹಾಗೆ.

ಪ್ರೋಗ್ರಾಮರ್ ಹಚ್ಚಿ ಒಂದೇ ಒಂದು ಸಲ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಕಾಕಾ ಮತ್ತು ಮನೆಯವರ ಸಹಿ ತೆಗೆದುಕೊಂಡು, ಶಾಕ್ ಬಂದ್ ಮಾಡಿ, ವಾಲ್ವ್ ಮುಟ್ಟಿಸಿ ನೋಡಿದೆ. ಹೊರಸಿನ ಮೇಲೆ ಪ್ರೋಗ್ರಾಮರ್, ಪಕ್ಕದಲ್ಲಿ ಡಿಫಿಬ್ರಿಲೇಟರ್, ಜೀಪಿನ ಬ್ಯಾಟರಿಯಿಂದ ಇನ್ವರ್ಟರ್. ಕಾಕಾ ಕೈ ಇಟ್ಟ ಕೂಡಲೇ ತೆಳ್ಳಗಿದ್ದ ಗೆರೆ ಹಗ್ಗದಷ್ಟು ದಪ್ಪವಾಯಿತು. ಅದರ ಕೆಳಗೆ ವಿಎಫ್ ಗುರುತುಗಳು ಎಳ್ಳು ಸುರಿದ ಹಾಗೆ ಉದುರಿದವು. ಕೈ ತೆಗೆದರು, ಗೆರೆ ಮತ್ತೆ ತೆಳ್ಳಗಾಯಿತು. ಕಾಕಾ ಪರದೆ ನೋಡಿ, "ಅಂದ್ರ ನನ್ನ ಎದ್ಯಾಗ ಏನೂ ಆಗಿದ್ದಿಲ್ಲೇನ್ರಿ?" ಅಂದರು. ಅಷ್ಟು ದಿನ ಅವರು ಪ್ರತಿ ಶಾಕಿಗೂ ಹೃದಯ ಒಮ್ಮೆ ನಿಂತು ಹೋಯಿತು ಅಂತಲೇ ತಿಳಿದಿದ್ದರು. ಆಮೇಲೆ ಯಾರನ್ನೂ ಮುಟ್ಟಿಸಿಲ್ಲ, ಮುಟ್ಟಿಸಲೂ ಬೇಡಿ. ರೆಸಿಸ್ಟರ್ ಸಾಕು.

ಇನ್ನು ರಿಪೇರಿ. ಮೊದಲು ವಾಲ್ವಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿಸಿದೆ. ಬಿಸಿಲಿಗೆ ಮೂರು ವಾರದಲ್ಲಿ ಬಿರಿಯಿತು. ಗಮ್ ಬೂಟ್ ಕೊಡಿಸಿದೆ. ಎರೆ ಮಣ್ಣಿನ ಕೆಸರಿನಲ್ಲಿ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಯಾರೂ ಹಾಕಲಿಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಅಷ್ಟು ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ ಹಾಕಿಸಿದೆ. ಹಳೆಯ ಬೋರಿನ ಕೇಬಲ್ಲು ಅಷ್ಟು ಸೋರುತ್ತಲೇ ಇರುತ್ತದೆ. ರಾತ್ರಿ ಮೂರು ನಾಲ್ಕು ಸಲ ಟ್ರಿಪ್. ಕಬ್ಬು ಒಣಗುತ್ತಿದ್ದರೆ ಯಾರು ಸುಮ್ಮನಿರುತ್ತಾರೆ? ಮುಂದಿನ ವಾರ ಹೋದರೆ ಐದು ಮನೆಯಲ್ಲಿ ನಾಲ್ಕು ಮನೆಯವರು ಅದಕ್ಕೆ ಅಡ್ಡ ತಂತಿ ಕೊಟ್ಟಿದ್ದರು. ಸುಮಾರು 14 ಸಾವಿರ ನೀರಿಗೆ ಹೋಯಿತು.

ಕೊನೆಗೆ ನಿಂತದ್ದು ಇಷ್ಟು. ಮೋಟಾರ್ ಎತ್ತಿಸಿ ಒಳಗಿನ ಕೇಬಲ್ ಜಾಯಿಂಟ್ ಹೊಸದಾಗಿ ಮಾಡಿಸುವುದು. ಮುಕ್ಕಾಲು ಸೋರಿಕೆ ಅಲ್ಲೇ ಇರುತ್ತದೆ. ಕೈ ಹಾಕುವ ಜಾಗದಲ್ಲಿ ಕಬ್ಬಿಣದ ವಾಲ್ವ್ ತೆಗೆದು ಪ್ಲಾಸ್ಟಿಕ್ ಬಾಲ್ ವಾಲ್ವ್, ಅದರ ಹಿಂದೆ ಮುಂದೆ ಒಂದಿಷ್ಟು ಪ್ಲಾಸ್ಟಿಕ್ ಪೈಪು. ಬಾಲ್ ವಾಲ್ವ್ ಒಂದೇ ತಿರುವಿಗೆ ಮುಚ್ಚುತ್ತದೆ, 18 ಸೆಕೆಂಡ್ ಹಿಡಿಯುವ ಮಾತೇ ಇಲ್ಲ. ಸ್ಟಾರ್ಟರ್ ಡಬ್ಬಿ, ಬೋರಿನ ಕೇಸಿಂಗ್, ಪೈಪು ಮೂರನ್ನೂ ಒಂದೇ ತಂತಿಯಿಂದ ಕಟ್ಟಿ ಸರಿಯಾದ ಅರ್ಥಿಂಗ್ ಗುಂಡಿಗೆ ಇಳಿಸುವುದು. ಜಾಯಿಂಟ್ ಸರಿಯಾದ ಮೇಲೆ 100 ಮಿಲಿಆಂಪಿನ ಆರ್‌ಸಿಸಿಬಿ. ಇದು ಐಸಿಡಿಯನ್ನು ಕಾಯುತ್ತದೆ ಅಂತ ತಿಳಿಯಬೇಡಿ, ಕಾಯುವುದಿಲ್ಲ. ಅದು ಟ್ರಿಪ್ ಆದರೆ ಜಾಯಿಂಟ್ ಮತ್ತೆ ಕೆಡುತ್ತಿದೆ, ಮಿಸ್ತ್ರಿಗೆ ಫೋನ್ ಮಾಡಬೇಕು ಅಂತ ಅರ್ಥ. ಅಷ್ಟಕ್ಕೇ ಅದು.

ಇಂಡಿ ಕಡೆಯ ಒಂದು ಮನೆಯಲ್ಲಿ ಇದೆಲ್ಲ ಮಾಡಿದರೂ ನಾಯ್ಸ್ ನಿಲ್ಲಲಿಲ್ಲ. ಮೋಟಾರ್ ಬಂದ್ ಇದ್ದಾಗಲೂ ಬರುತ್ತಿತ್ತು. ಮಿಸ್ತ್ರಿ ಮನೆ ಸುತ್ತ ಒಂದು ಸುತ್ತು ಹಾಕಿ ಬಚ್ಚಲ ಹಿಂದೆ ನಿಂತರು. ಲೈಟಿಗೆ ಒಂದು ಫೇಸ್ ತಂತಿ ಮಾತ್ರ ಎಳೆದಿದ್ದರು. ನ್ಯೂಟ್ರಲ್ ಜಾಗದಲ್ಲಿ ನೆಲಕ್ಕೆ ಹೊಡೆದ ಕಬ್ಬಿಣದ ಗೂಟ. ಗೂಟದ ಪಕ್ಕವೇ ಬಚ್ಚಲ ನೀರು ಹರಿಯುತ್ತಿತ್ತು. ಪೇಷಂಟು ಅಲ್ಲೇ ಕಬ್ಬಿಣದ ನಲ್ಲಿ ಹಿಡಿದು ಕಾಲು ತೊಳೆಯುತ್ತಿದ್ದರು. ಲೈಟು ಉರಿದಷ್ಟು ಹೊತ್ತೂ ನೆಲದಲ್ಲಿ ಕರೆಂಟು. ಇಂಥ ಗೂಟ ಆಮೇಲೆ ಇನ್ನೂ ಮೂರು ಮನೆಯಲ್ಲಿ ಸಿಕ್ಕವು. ಕೇಳಿದರೆ ಯಾರೂ ಹೇಳುವುದಿಲ್ಲ, ಬೈಸಿಕೊಳ್ಳುವ ಹೆದರಿಕೆ. ಮನೆಯ ಹೆಣ್ಣುಮಕ್ಕಳಿಗೆ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದರೆ ಗೂಟ ಎಲ್ಲಿದೆ ಅಂತ ಅವರೇ ತೋರಿಸುತ್ತಾರೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದು ಕೆಲಸ ಮಾಡುವವರಿಗೆ ಹೇಳಿಕೊಡುತ್ತೇನೆ. ಹಾಗೇ ಸ್ಟ್ರಿಪ್‌ನಲ್ಲಿ ಮೋಟಾರಿನ ನಾಯ್ಸ್ ಮತ್ತು ಗೂಟದ ನಾಯ್ಸ್ ಬೇರೆ ಮಾಡುವ ಒಂದು ಗುರುತು ಕಂಡುಕೊಂಡಿದ್ದೇನೆ. ಹತ್ತರಲ್ಲಿ ಎಂಟು ಸಲ ಸರಿ ಬಂದಿದೆ. ಅದು ಹತ್ತಕ್ಕೆ ಹತ್ತು ಆಗುವ ತನಕ ನನ್ನ ಹತ್ತಿರವೇ ಇರಲಿ.

ದುಡ್ಡಿನ ಮಾತು. ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದೆ, ಎರಡು ಸಲವೂ ವಾಪಸ್ ಬಂತು. ಹೃದಯದ ಸಂಶೋಧನೆಯಲ್ಲಿ ಇದ್ದಿಲು, ಉಪ್ಪು, ಜಿಐ ಪೈಪು ಯಾಕೆ ಅಂತ ಕೇಳಿದ್ದರು. ಅವು ಅರ್ಥಿಂಗ್ ಗುಂಡಿಯ ಸಾಮಾನು. ಕೊನೆಗೆ ಕೈಯಿಂದಲೇ ಹಾಕಿದೆ. ಮನೆಗೆ 4ರಿಂದ 6 ಸಾವಿರ, ಮೋಟಾರ್ ಎತ್ತುವ ಕೂಲಿ ಬೇರೆ. ಅದನ್ನು ಬಹಳಷ್ಟು ಮನೆಯವರು ತಾವೇ ಕೊಟ್ಟರು. ನನ್ನ ಜೇಬಿನಿಂದ ಒಟ್ಟು 1 ಲಕ್ಷ 80 ಸಾವಿರದ ಹತ್ತಿರ ಹೋಗಿರಬೇಕು. ಅದರಲ್ಲಿ ಡೀಸೆಲ್ಲಿಗೂ ಬಹಳ ಹೋಯಿತು. ಒಬ್ಬರಿಗೆ ಸುಮ್ನೆ ಒಂದು ಲೀಡ್ ಬದಲಿಸುವ ಖರ್ಚಿಗೆ ಹೋಲಿಸಿ ನೋಡಿ.

ಎಲ್ಲ ಸುಳ್ಳು ಶಾಕೂ ಕರೆಂಟಿನದಲ್ಲ, ಅದು ನಿಮಗೂ ಗೊತ್ತು. ಹೃದಯದ ಮೇಲಿನ ಕೋಣೆಗಳು ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಇದೆ, ಕಬ್ಬಿನ ಲಾರಿ ತುಂಬುವ ಹುಡುಗರ ಬಡಿತ 180 ದಾಟುವುದಿದೆ. ಅದಕ್ಕೆ ಪ್ರೋಗ್ರಾಮಿಂಗೇ, ಅಂದರೆ ಯಾವಾಗ ಶಾಕ್ ಕೊಡಬೇಕು ಅಂತ ಮಷೀನನ್ನು ಹೊಂದಿಸುವುದೇ, ಮದ್ದು. 2012ರಲ್ಲಿ ಬಂದ ಮ್ಯಾಡಿಟ್-ರಿಟ್ ಅಧ್ಯಯನದಲ್ಲಿ 1500 ಪೇಷಂಟ್‌ಗಳಿದ್ದರು. ಬಡಿತ ನಿಮಿಷಕ್ಕೆ 200ರ ಮೇಲೆ ಹೋದರೆ ಮಾತ್ರ ಚಿಕಿತ್ಸೆ ಕೊಡು, ಇಲ್ಲವೇ ಸ್ವಲ್ಪ ಕಾದು ಕೊಡು ಅಂತ ಮಷೀನಿಗೆ ಹೇಳಿದಾಗ ಸುಳ್ಳು ಚಿಕಿತ್ಸೆ ಎಷ್ಟೋ ಪಾಲು ಇಳಿಯಿತು. 200ರ ಗುಂಪಿನಲ್ಲಿ ಸಾವೂ ಅರ್ಧದಷ್ಟಾಯಿತು. ನಾನೂ ಎಲ್ಲರಿಗೂ ಹಾಗೇ ಇಡುತ್ತೇನೆ. ಆದರೆ ಕರೆಂಟಿನ ನಾಯ್ಸ್ ನಿಮಿಷಕ್ಕೆ 400ರ ಲೆಕ್ಕದಲ್ಲಿ ಬರುತ್ತದೆ. 200ರ ಬೇಲಿಯನ್ನು ಅದು ಹಾರಿಕೊಂಡೇ ಬರುತ್ತದೆ. "ಪ್ರೋಗ್ರಾಮಿಂಗ್ ಸಾಕು" ಅಂದವರ ಜೊತೆ ನನ್ನ ಜಗಳ ಇದ್ದದ್ದು ಇಲ್ಲೇ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಒಬ್ಬ ಪೇಷಂಟಿನ ಜೊತೆ ಅರ್ಧ ದಿನ ಕೂತೆ. ಮಗ್ಗಗಳೆಲ್ಲ ಒಟ್ಟಿಗೆ ಓಡಿದರೂ ಗೆರೆ ಅಲುಗಲಿಲ್ಲ. ಹಿಟ್ಟಿನ ಗಿರಣಿಯಲ್ಲೂ ಏನಿಲ್ಲ. ಬೆಳಗಾವಿಯ ಗಣಪತಿ ಮೆರವಣಿಗೆಗೆ ಬರುವ ದೊಡ್ಡ ಸ್ಪೀಕರ್‌ಗಳ ಆಯಸ್ಕಾಂತ ಪರೀಕ್ಷಿಸಿದೆ. ಒಂದು ಗೇಣು ದೂರ ಇದ್ದರೆ ತೊಂದರೆ ಕಾಣಲಿಲ್ಲ, ಎದೆ ಒತ್ತಿ ನಿಂತರೆ ಐಸಿಡಿ ಶಾಕ್ ಕೊಡುವುದನ್ನೇ ನಿಲ್ಲಿಸಬಹುದು. ಅದಕ್ಕೆ ಹಬ್ಬದ ಮುಂಚೆ ಎಲ್ಲರಿಗೂ ಫೋನ್ ಮಾಡಿಸುತ್ತೇನೆ. ಇನ್ನೊಂದು ಪ್ರಯೋಗ ಮಾತ್ರ ಮಾಡಬಾರದಿತ್ತು. ಸುಳ್ಳು ಶಾಕ್ ಸಾಲಾಗಿ ಬಂದರೆ ಎದೆಯ ಮೇಲೆ ಇಡಲು ಅಂತ ನಾಲ್ಕು ಮನೆಗೆ ಆಯಸ್ಕಾಂತ ಕೊಟ್ಟೆ. ಒಬ್ಬರು ಹೆದರಿಕೆಗೆ ಅದನ್ನು ಬನಿಯನ್ ಒಳಗೆ ಪಟ್ಟಿ ಹಚ್ಚಿ ಒಂಬತ್ತು ದಿನ ಇಟ್ಟುಕೊಂಡಿದ್ದರು. ಒಂಬತ್ತು ದಿನ ಆ ಮನುಷ್ಯನಿಗೆ ಕಾವಲೇ ಇರಲಿಲ್ಲ. ಗೊತ್ತಾದ ದಿನವೇ ನಾಲ್ಕೂ ವಾಪಸ್ ತಂದೆ.

ಅನುಮಾನ ಪಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಮಿಶೆಲ್ ಮಿರೋವ್ಸ್ಕಿ ಈ ಮಷೀನನ್ನೇ ಕಟ್ಟಲು ಹೊರಟಾಗ ಅದನ್ನು ಬಹಿರಂಗವಾಗಿ ತಳ್ಳಿಹಾಕಿದವರಲ್ಲಿ ಬರ್ನಾರ್ಡ್ ಲೌನ್ ಇದ್ದರು. ಡಿಸಿ ಡಿಫಿಬ್ರಿಲೇಟರ್ ಬಳಕೆಗೆ ತಂದ ಅದೇ ಲೌನ್. ಮಿರೋವ್ಸ್ಕಿ ಬಿಡಲಿಲ್ಲ. 1980ರ ಫೆಬ್ರವರಿಯಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೊದಲ ಬಾರಿ ಮನುಷ್ಯನಿಗೆ ಹಾಕಿಸಿದರು. ದಾರಿಯಲ್ಲಿ ಜೀಪ್ ಕೆಟ್ಟು ನಿಂತಾಗಲೆಲ್ಲ ಆ ಕಥೆ ನೆನಪು ಮಾಡಿಕೊಳ್ಳುತ್ತಿದ್ದೆ.

ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮೊದಲ ಬೇಸಿಗೆಯ ಏಪ್ರಿಲ್‌ನಲ್ಲಿ ಮತ್ತೆ ಎರಡು ಮನೆಯಲ್ಲಿ ಚಾರ್ಜ್ ಆಗಿ ಬಿಟ್ಟ ಪ್ರಸಂಗ ಕಂಡವು. ಶಾಕ್ ಬಂದಿರಲಿಲ್ಲ. ಹೋಗಿ ನೋಡಿದರೆ ಎರೆ ಭೂಮಿ ಬಾಯಿ ಬಿಟ್ಟಿತ್ತು. ಗುಂಡಿಯ ಪೈಪಿನ ಸುತ್ತ ನನ್ನ ಕೈ ಹೋಗುವಷ್ಟು ಬಿರುಕು. ಮಣ್ಣು ಪೈಪನ್ನು ಮುಟ್ಟುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಅಳೆದು ಸರಿ ಇದೆ ಅಂತ ಬರೆದುಕೊಂಡದ್ದು ಬೇಸಿಗೆಗೆ ಸುಳ್ಳಾಗಿತ್ತು. ಅಂದಿನಿಂದ ದಿನಕ್ಕೊಂದು ಕೊಡ ನೀರು ಹಾಕಿ ಅಂತ ಎಲ್ಲರಿಗೂ ಹೇಳಿದ್ದೇನೆ. ಅಳತೆಯನ್ನು ಏಪ್ರಿಲ್‌ನಲ್ಲೇ ಮಾಡುತ್ತೇನೆ.

ಹೋದ ವರ್ಷ ಶ್ರಾವಣದಲ್ಲಿ ರಾತ್ರಿ ಎರಡೂವರೆಗೆ ಕಾಕಾನ ಮಗನ ಫೋನ್ ಬಂತು. ಮಲಗಿದಲ್ಲೇ ಶಾಕ್ ಬಿದ್ದಿದೆ, ಒಂದೇ. ನನ್ನ ಎದೆ ಧಸಕ್ ಅಂತು. ಮತ್ತೆ ಶುರುವಾಯಿತೇ ಅಂತ. ಬೆಳಿಗ್ಗೆ ಮಷೀನು ಓದಿಸಿದೆ. ಸ್ಟ್ರಿಪ್ ಕನ್ನಡಿ ಹಾಗೆ ಶುದ್ಧ ಇತ್ತು. 230ರ ವಿಟಿ, ಅಂದರೆ ಹೃದಯದ ಕೆಳಗಿನ ಕೋಣೆಯಿಂದ ಬರುವ ಅತಿ ಜೋರಿನ ಬಡಿತ. ಮಷೀನು ಮೊದಲು ಪೇಸಿಂಗ್, ಅಂದರೆ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋಡಿದೆ, ಬಗ್ಗಿಲ್ಲ. ವಿಎಫ್‌ಗೆ ತಿರುಗಿದೆ. ಶಾಕ್. ಆಮೇಲೆ ಸಾಮಾನ್ಯ ಬಡಿತ. ಅವತ್ತು ಅವರ ಮಾತು ಕೇಳಿ "ತಗದ ಒಗೆದಿದ್ದರೆ" ನಾನು ಇವತ್ತು ಈ ಬರಹ ಬರೆಯುತ್ತಿರಲಿಲ್ಲ. ಸ್ಟ್ರಿಪ್ ತೋರಿಸಿ, ಕಾಕಾ, ಇದು ಖರೇ ಅಂದೆ. ಅವರು ಬಹಳ ಹೊತ್ತು ಆ ಕಾಗದ ನೋಡಿದರು. ಆಮೇಲೆ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಮಷೀನು ಇರುವ ಕಡೆಯ ಜೇಬೇ.

ಈಗ ಅವರ ಹೆಂಡತಿ ಕಾಕು ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಉಳಿದ ಕೊಡವನ್ನು ಅರ್ಥಿಂಗ್ ಗುಂಡಿಗೆ ಸುರಿಯುತ್ತಾರೆ. ಏಪ್ರಿಲ್‌ನಲ್ಲಿ ಅಳೆಯಲು ಹೋದಾಗ ನೋಡಿದೆ. 23 ಗುಂಡಿಗಳಲ್ಲಿ ಅದೊಂದರ ಸುತ್ತ ಮಾತ್ರ ಹಸಿರು ಹುಲ್ಲು ಇತ್ತು.